ಜಗಲಿಯ ಮೇಲಿನ ಹಾರ್ಡ್ ಡಿಸ್ಕ್

ನಮ್ಮ ಮಾವನವರಿಗೆ ಈಗ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಚುಕ್ಕೆಯನ್ನು ಬೆಲ್ಲದ ಪೆಂಟೆಯಷ್ಟು ದೊಡ್ಡದು ಮಾಡಿಕೊಟ್ಟರೆ ಅದು ಕಾಣುತ್ತದೆ. ಬನಹಟ್ಟಿಯಲ್ಲಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಕ್ಷೆ ಬರೆಯುತ್ತ ಆಯುಷ್ಯ ಕಳೆದವರು ಅವರು. ಚೌಕಳಿ ಕಾಗದದ ಒಂದೊಂದೇ ಮನೆ ತುಂಬಿ ಕಣ್ಣು ಕಳೆದುಕೊಂಡರೆಂದು ಅತ್ತೆ ಬೈಯುತ್ತಾರೆ, ಸಕ್ಕರೆ ಕಾಯಿಲೆಯೆಂದು ಡಾಕ್ಟರು ಹೇಳುತ್ತಾರೆ. ಆ ಕಾಗದಗಳನ್ನು ಗೆದ್ದಲು ತಿಂದು ಮುಗಿಸಿತು. ಪುಣ್ಯಕ್ಕೆ, ಅಷ್ಟರೊಳಗೆ ನಾನು ಸೊಸೆಯಾಗಿ ಬಂದು ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೆ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಮಾವ ಬಂದು ಪರದೆಗೆ ಮೂಗು ಹಚ್ಚಿ ಕೂಡುತ್ತಾರೆ. ನಾನು ದಡಿ ದೊಡ್ಡದು ಮಾಡಿ ಸರಿಸುತ್ತ ಹೋಗುತ್ತೇನೆ. ಚುಕ್ಕೆಯಿಂದ ಚುಕ್ಕೆಗೆ ಅವರ ಕಣ್ಣು ನಡೆಯುತ್ತದೆ. "ಹಾಂ, ಇಲ್ಲಿಂದ ಹಸರ ಬರತೈತಿ ನೋಡು," ಅನ್ನುತ್ತಾರೆ. ಸರಿಸಿದರೆ ಖರೇನೇ ಹಸಿರು! ಮೊದಲ ಸಲ ನೋಡಿದಾಗ ನನ್ನ ಮೈಮೇಲೆ ಮುಳ್ಳೆದ್ದಿದ್ದವು. ಈಗಲೂ ಏಳುತ್ತವೆ.

ಒಂದು ವರ್ಷ ಮಹಾನವಮಿಯ ದಿನ ಅತ್ತೆ ಖಂಡೆ ಪೂಜೆಗೆಂದು, ಅಂದರೆ ಆಯುಧಪೂಜೆಗೆಂದು, ಮಗ್ಗದ ಲಾಳಿ, ಕತ್ತರಿ, ನಟ್ಟು ಬಿಗಿಯುವ ಪಾನಾ ಎಲ್ಲ ದೇವರ ಜಗಲಿಯ ಮೇಲಿಟ್ಟರು. ಆಮೇಲೆ ನನ್ನ ಕಡೆ ಬಂದು, "ಆ ಕರೇ ಡಬ್ಬಿ ಕೊಡು," ಅಂದರು. ಕರಿ ಡಬ್ಬಿಯೆಂದರೆ ಹಾರ್ಡ್ ಡಿಸ್ಕ್. ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಅದರಲ್ಲಿ ಇನ್ನೊಂದು ಕಾಪಿಯಾಗಲೆಂದು ಸದಾ ವೈರು ಹಚ್ಚಿಯೇ ಇಡುತ್ತಿದ್ದೆ.

"ಅದನ್ನ ಕೀಳಬಾರದ್ರಿ ಅತ್ತಿ."

"ವರ್ಷೆಲ್ಲಾ ದುಡಿತೈತಿ. ಒಂದಿನ ಅದಕ್ಕೂ ಆರಾಮ ಬ್ಯಾಡೇನು?"

ಕಿತ್ತೇ ಬಿಟ್ಟರು. ಮರುದಿನ ಬನ್ನಿ ಹಂಚಿದ ಮೇಲೆ ಲಾಳಿ ಇಳಿಯಿತು, ಕತ್ತರಿ ಇಳಿಯಿತು, ಡಿಸ್ಕ್ ಮಾತ್ರ ಇಳಿಯಲಿಲ್ಲ. ದೀಪಾವಳಿ ಅಮಾವಾಸ್ಯೆ ತನಕ ಅಲ್ಲೇ ಇರಲಿ ಎಂದು ಅತ್ತೆಯ ಹಟ. ವೈರು ಹಚ್ಚುವ ತೂತಿನೊಳಗೆಲ್ಲ ಕುಂಕುಮ! ನನಗೆ ಎಷ್ಟು ಸಿಟ್ಟು ಬಂದಿತ್ತೆಂಬುದು ಅಡುಗೆಮನೆಯ ಪಾತ್ರೆಗಳಿಗೆ ಗೊತ್ತು. ಆದರೆ ನಮ್ಮ ಅತ್ತೆ ಹಿಡಿದದ್ದು ಬಿಡುವವರಲ್ಲ.

ದೀಪಾವಳಿ ಇನ್ನೂ ಬಂದಿರಲಿಲ್ಲ, ಒಂದು ದಿನ ಮುಂಜಾನೆ ಕರೆಂಟಿನವರ ಹೆಸರಿನಲ್ಲಿ ಕಂಪ್ಯೂಟರಿಗೆ ಒಂದು ಮೇಲ್ ಬಂತು. ಬಿಲ್ಲು ಬಾಕಿ ಇದೆ, ಇವತ್ತೇ ಲೈನು ಕಟ್ ಮಾಡುತ್ತೇವೆ, ಕೆಳಗಿನ ಕಾಗದ ತೆರೆದು ನೋಡಿರಿ ಎಂದು. ಕರೆಂಟಿನ ಮಗ್ಗ ಇಟ್ಟುಕೊಂಡ ನಮ್ಮನ್ನು ಬೇರೆ ಏನು ಹೇಳಿ ಹೆದರಿಸಿದರೂ ಒಂದು ಗಳಿಗೆ ಯೋಚಿಸಿಯೇವು. ಕರೆಂಟು ಹೋಗುತ್ತದೆ ಅಂದರೆ ಮುಗಿಯಿತು, ಕೈಕಾಲು ಆಡುವುದಿಲ್ಲ. ನಮ್ಮ ಮನೆಯವರು ನಿಂತಲ್ಲೇ ಅದನ್ನು ಒತ್ತಿ, ಏನೂ ಕಾಣದೆ, ಗೊಣಗುತ್ತ ಮಗ್ಗದ ಕಡೆ ಹೋದರು.

ಮಧ್ಯಾಹ್ನ ಮಾವ ಬಂದು ಕೂತರು. "ಯಾಕವಾ, ಇವತ್ತ ಬರೇ ಕೆಂಪ ಕಾಣಾಕತ್ತೈತಿ?"

ಓಡಿ ಬಂದು ನೋಡಿದೆ. ಪರದೆಯ ತುಂಬ ಕೆಂಪು, ಅದರ ಮೇಲೆ ಇಂಗ್ಲಿಷಿನಲ್ಲಿ ಬರಹ: ನಿಮ್ಮ ಫೈಲುಗಳಿಗೆಲ್ಲ ಕೀಲಿ ಹಾಕಿದ್ದೇವೆ, ಹಣ ಕೊಟ್ಟರೆ ತೆಗೆಯುತ್ತೇವೆ. ಒಂದು ದಡಿಯೂ ತೆರೆಯಲಿಲ್ಲ. ಯಾವ ದೇಶದಲ್ಲಿ ಕೂತ ಕಳ್ಳನೋ, ಬಾಗಿಲು ಮುಟ್ಟದೆ, ನಾಯಿ ಬೊಗಳಿಸದೆ, ನಮ್ಮ ಓಣಿಯ ಮನೆಗೆ ಬಂದು ಒಬ್ಬ ಮುದುಕನ ಉಳಿದಷ್ಟು ಕಣ್ಣನ್ನೂ ಒಯ್ದಿದ್ದ.

"ಕಂಪ್ಯೂಟರಿಗೆ ಆರಾಮಿಲ್ರಿ ಮಾವಾರ," ಅಂದೆ.

"ಹಂಗಾರ ನಾಳೆ ನೋಡೂನು ಬಿಡು," ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ನನಗೆ ಅಳು ತಡೆಯಲಾಗಲಿಲ್ಲ.

ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ, ನಮ್ಮ ಮನೆಯವರ ಗೆಳೆಯರೊಬ್ಬರು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಬೈಕು ತೂರಿಸಿಕೊಂಡು ಬಂದರು. ಬಂದವರೇ ಇಂಟರ್ನೆಟ್ಟಿನ ವೈರು ಕಿತ್ತರು.

"ವೈನಿ, ರೊಕ್ಕ ಕೊಡಾಕ ಹೋಗಬ್ಯಾಡ್ರಿ. ಕೊಟ್ರೂ ಕೀಲಿ ತಗೀತಾರಂತ ಏನ ಖಾತ್ರಿ? ಇನ್ನೊಂದ ಕಾಪಿ ಎಲ್ಲ್ಯರ ಐತೇನು?"

"ಹಾರ್ಡ್ ಡಿಸ್ಕಿನಾಗ ಐತ್ರಿ."

"ಇದಕ್ಕ ಹಚ್ಚೇ ಇಟ್ಟಿದ್ರೇನು?" ಅವರ ಮುಖ ಇಳಿಯಿತು. "ಹಚ್ಚಿದ್ರ ಅದಕ್ಕೂ ಕೀಲಿ ಬಿದ್ದಿರತೈತ್ರಿ."

ನಾನು ಜಗಲಿಯ ಕಡೆ ತಿರುಗಿದೆ. ದೀಪದ ಪಕ್ಕದಲ್ಲಿ, ವಿಭೂತಿ ಬಳಿದುಕೊಂಡು, ಬಾಡಿದ ಚೆಂಡುಹೂ ಹೊತ್ತುಕೊಂಡು ಅದು ತಣ್ಣಗೆ ಕೂತಿತ್ತು. ಕೈ ಚಾಚಿದೆ.

"ನಿಂದ್ರು! ಕಾಲ ತೊಳಕೊಂಡ ಮುಟ್ಟು," ಅಂದರು ಅತ್ತೆ. ಅಂಥ ಹೊತ್ತಿನಲ್ಲೂ! ತೊಳೆದುಕೊಂಡೆ. ರಿಪೇರಿಯವರೂ ಸುಮ್ಮನೆ ಹೋಗಿ ತೊಳೆದುಕೊಂಡು ಬಂದರು.

ಅವರು ಬ್ರಷ್ಷಿನಿಂದ ಕುಂಕುಮ ಕೊಡವುತ್ತ ಅತ್ತೆಯ ಕಡೆ ನೋಡಿ ನಗತೊಡಗಿದರು. "ಕಾಕು, ಕಾಪಿ ಮಾಡಿದ ಮ್ಯಾಲೆ ವೈರ್ ಕಿತ್ತಿಡ್ರೆಪಾ ಅಂತ ಗಿರಾಕಿಗಳಿಗೆ ಬಡಕೊಂಡ ಹೇಳತೀನಿ, ಯಾರೂ ಕೇಳಂಗಿಲ್ಲ. ನಿಮಗ್ಯಾರ ಹೇಳಿದ್ರು?"

"ನನಗೇನ ತಿಳಿತೈತೋ ತಮ್ಮಾ? ಮಾವನ ಕೈಯೆಲ್ಲಾ ಇದರಾಗ ಐತ್ರಿ ಅಂತ ಇಕಿನ ಅಂದಿದ್ಲು. ಅವರ ಕೈ ಅಂದಮ್ಯಾಲೆ ಎಲ್ಲಿ ಬೇಕಲ್ಲೆ ಇಡಾಕ ಆಕ್ಕೈತೇನು?"

ನಾನು ಎಂದೋ ಅಂದು ಮರೆತ ಮಾತು. ಅತ್ತೆ ಅದನ್ನು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಅವರ ಮುಖವನ್ನೇ ನೋಡುತ್ತ ನಿಂತೆ.

ರೋಗ ಹತ್ತಿದ ಕಂಪ್ಯೂಟರಿಗೆ ಡಿಸ್ಕ್ ಹಚ್ಚಕೂಡದೆಂದು ರಿಪೇರಿಯವರು ಮೊದಲು ಕಂಪ್ಯೂಟರನ್ನು ಪೂರಾ ಅಳಿಸಿ, ಎಲ್ಲ ಹೊಸದಾಗಿ ತುಂಬಿದರು. ಅಪ್‌ಡೇಟ್ ಬಂದರೆ ಮುಂದೂಡಬೇಡಿ ಎಂದು ನನಗೂ, ಕರೆಂಟಿನ ಮೇಲ್ ಬಂದರೆ ಆಫೀಸಿಗೆ ಹೋಗಿ ಕೇಳು ಎಂದು ನಮ್ಮ ಮನೆಯವರಿಗೂ ಚೆನ್ನಾಗಿ ಬೈದರು. ಈಗ ಪ್ರತಿ ಅಮಾವಾಸ್ಯೆಗೆ ಮಗ್ಗಗಳು ನಿಂತ ದಿನ ನಾನು ಕಾಪಿ ಮಾಡುತ್ತೇನೆ, ವೈರು ಕೀಳುತ್ತೇನೆ, ಡಿಸ್ಕನ್ನು ಅತ್ತೆಯ ಕೈಗೆ ಕೊಡುತ್ತೇನೆ. ಕಾಲು ತೊಳೆದುಕೊಂಡೇ ಕೊಡುತ್ತೇನೆ.

ಕಂಪ್ಯೂಟರು ರಿಪೇರಿಯಾದ ಮರುದಿನ ಮಧ್ಯಾಹ್ನ ಮಾವ ಗೋಡೆ ಹಿಡಿದುಕೊಂಡು ಬಂದು ಕೂತರು. ಡಿಸ್ಕಿನಿಂದ ಜೋಳದ ತೆನೆಯ ದಡಿ ತೆರೆದು ದೊಡ್ಡದು ಮಾಡಿದೆ. ಅವರ ಮೂಗು ಪರದೆಯ ಈ ತುದಿಯಿಂದ ಆ ತುದಿಗೆ ಹೋಯಿತು, ತಿರುಗಿ ಬಂತು.

"ಏ, ಇಲ್ಲೆ ಬಾ," ಎಂದು ಅತ್ತೆಯನ್ನು ಕರೆದರು. "ಮೊದಲನೇ ಸಲ ನಿನಗಂತ ಬರೆದಿದ್ದೆನಲ್ಲ, ಆ ತೆನಿ ದಡಿ."

ಕಂಪ್ಯೂಟರಿನ ಹತ್ತಿರ ಎಂದೂ ಸುಳಿಯದ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಪರದೆಯನ್ನು ನೋಡಲಿಲ್ಲ, ಮಾವನ ಮುಖ ನೋಡಿದರು.

"ಕಾಣತೈತೇನ್ರಿ?"

"ಕಾಣತೈತಿ," ಅಂದರು ಮಾವ.