ಐವತ್ತರ ಲೈನಿಗೆ ಎಂಬತ್ತೈದು

೨೦೦೨ರಲ್ಲಿ ನಾನು ಕೃಷ್ಣರಾಜನಗರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದೆ. ಸುಟ್ಟ ಮೋಟಾರಿನ ಹಳೆಯ ತಾಮ್ರದ ತಂತಿ ಬಿಚ್ಚಿ, ಹೊಸ ಕಾಯಿಲ್ ಸುತ್ತಿ ಕೂರಿಸಿ, ಮೇಲೆ ವಾರ್ನಿಷ್ ಹಾಕಿ ಒಣಗಿಸುವುದು ನನ್ನ ಕೆಲಸ. ಓದಿದ್ದು ಏಳನೇ ತರಗತಿ. ಮೋಟಾರಿನ ಮೈಮೇಲಿನ ತಗಡಿನ ಪ್ಲೇಟಿನಲ್ಲಿರುವಷ್ಟು ಇಂಗ್ಲಿಷ್ ಮಾತ್ರ ಬರುತ್ತಿತ್ತು: ವೋಲ್ಟ್, ಆಂಪ್, ಎಚ್‌ಪಿ, ಹರ್ಟ್ಸ್. ಹರ್ಟ್ಸ್ ಇದ್ದ ಕಡೆ ಯಾವಾಗಲೂ ಐವತ್ತೇ ಇರುತ್ತಿತ್ತು. ಲೈನಿನಲ್ಲಿ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡುತ್ತದೆ ಎಂದು ಅದರ ಅರ್ಥ. ಅದು ಹೆಚ್ಚುಕಡಿಮೆಯಾದರೆ ಮೋಟಾರಿಗೆ ಕೇಡು ಎಂದು ಕೆಲಸ ಕಲಿಸಿದ ಗುರುಗಳು ಹೇಳಿದ್ದರು. ಅವರು ಹೇಳಿದ ಇನ್ನೊಂದು ಮಾತು: "ಮೋಟ್ರು ಬಿಚ್ಚೋಕೆ ಮುಂಚೆ, ಅದುನ್ನ ಓಡುಸ್ದೋನ್ನ ಕೇಳ್ಲಾ." ಹೊಗೆ ಬಂತೆ, ಸದ್ದು ಬಂತೆ, ಯಾವಾಗ ನಿಂತಿತು ಎಂದು ರೈತನನ್ನು ಕೇಳದೆ ನಾನು ಎಂದೂ ಬೋಲ್ಟಿಗೆ ಕೈ ಹಾಕಿದವನಲ್ಲ.

ಅಂಗಡಿಯ ಮುಂಭಾಗದ ಕೋಣೆಯಲ್ಲಿ ನನ್ನ ತಂಗಿ ರತ್ನ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದಳು. ಮೈಸೂರಿಗೆ ಬಸ್ಸಿನಲ್ಲಿ ಹೋಗಿಬಂದು ಕೋರ್ಸು ಮುಗಿಸಿದ್ದಳು. ಬೆಳಗ್ಗೆ ಕ್ಲಾಸು, ಮಧ್ಯಾಹ್ನದ ಮೇಲೆ ಹುಡುಗರಿಗೆ ಗೇಮು. ಎಂಟು ಮಿಷನ್ನುಗಳು, ನಾಲ್ಕು ಕಿಟಕಿಯ ಕಡೆ, ನಾಲ್ಕು ಗೋಡೆಯ ಕಡೆ. ಆಗಿನ ಮಾನಿಟರೆಂದರೆ ಹಿಂದೆ ದೊಡ್ಡ ಗೂನು ಬೆನ್ನಿರುವ ಟ್ಯೂಬಿನ ಮಾನಿಟರು. ಅವಳ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದು ಬಾಗಿಲು. ಚಿಲಕ ನನ್ನ ಕಡೆಗಿತ್ತು.

ಆ ಬೇಸಿಗೆಯಲ್ಲಿ ಎರಡು ಮಾನಿಟರು ಒಂದರ ಹಿಂದೊಂದು ಸುಟ್ಟವು, ಬೇರೆ ತಂದಿಡಬೇಕಾಯಿತು. ಹಿಂದಿನ ಡಬ್ಬ ಬಿಚ್ಚಿಸಿ ನೋಡಿದರೆ ಒಳಗೆ ಕಾಯಿಲ್ ಕರಕಲಾಗಿತ್ತು. ಸುಟ್ಟ ಕಾಯಿಲ್ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಅದು ತಾನಾಗಿ ಸುಡುವುದಿಲ್ಲ, ಯಾರೋ ಸುಡುತ್ತಾರೆ ಎಂಬುದು ನನ್ನ ಅನುಭವ. "ಇನ್ಮೇಲೆ ಸೆಟ್ಟಿಂಗು ಗಿಟ್ಟಿಂಗು ಅಂತ ಏನೂ ಮುಟ್ಬೇಡ ಕಣವ್ವ" ಎಂದು ರತ್ನನಿಗೆ ಹೇಳಿದೆ. ಅವಳು ಆಗಲಿ ಎಂದು ತಲೆಯಾಡಿಸಿದಳು.

ಒಂದು ದಿನ ಬಾಗಿಲ ಸಂದಿಯಿಂದ ಅವಳ ಮಾತು ಕೇಳಿಸಿತು. ಕಣ್ಣುಜ್ಜಿಕೊಳ್ಳುತ್ತಿದ್ದ ಹುಡುಗನೊಬ್ಬನಿಗೆ ಹೇಳುತ್ತಿದ್ದಳು: "ಅರವತ್ತರಲ್ಲಿ ಇದ್ರೆ ತಲೆನೋವು ಬತ್ತದೆ. ಎಂಬತ್ತೈದಕ್ಕೆ ಹಾಕಿದೀನಿ, ಈಗ ನೋಡು. ಅಣ್ಣನ ಮುಂದೆ ಬಾಯಿ ಬುಡಬೇಡ."

ಅಣ್ಣನ ಮುಂದೆ ಬಾಯಿ ಬಿಡಬೇಡ. ಅಲ್ಲಿಂದ ನನ್ನ ಕಿವಿ ಕಾಯಿಲ್ ಸುತ್ತುವಾಗಲೂ ಆಚೆ ಕೋಣೆಯಲ್ಲೇ ಇರುತ್ತಿತ್ತು. ನಾನು ಒಳಗೆ ಹೋದರೆ ಅವಳು ಪರದೆಯ ಮೇಲಿನದನ್ನು ತಟ್ಟನೆ ಮುಚ್ಚುತ್ತಾಳೆ ಎನಿಸಿತು. ಹುಡುಗರು ನನ್ನ ಕಂಡು ನಕ್ಕಂತೆ ಕಂಡಿತು. ಅವಳು ಊಟಕ್ಕೆ ಕೂತಾಗ ಹೋಗಿ, ಅವಳ ಕೈ ನೋಡಿ ನೋಡಿ ಕಲಿತಿದ್ದಂತೆ ಪರದೆಯ ಮೇಲೆ ಒಂದೊಂದೇ ಕಿಟಕಿ ತೆರೆದೆ. ಹುಡುಕುತ್ತಿದ್ದ ಪದ ಕೊನೆಗೂ ಸಿಕ್ಕಿತು: ಹರ್ಟ್ಸ್. ಎದುರಿಗೆ ಎಂಬತ್ತೈದು. ಐವತ್ತರ ಲೈನಿಗೆ ಎಂಬತ್ತೈದು ಹಾಕಿ ಕೂತಿದ್ದಾಳೆ, ಸುಡದೆ ಇನ್ನೇನಾಗುತ್ತದೆ! ಪಟ್ಟಿಯಲ್ಲಿ ಐವತ್ತು ಇರಲೇ ಇಲ್ಲ. ಇದ್ದುದರಲ್ಲಿ ಕಡಿಮೆಯದು ಅರವತ್ತು.

ಅವಳನ್ನು ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಓದಿದವಳು ಏನಾದರೂ ಹೇಳಿ ನನ್ನ ಬಾಯಿ ಮುಚ್ಚಿಸುತ್ತಾಳೆ ಎಂಬ ಗುಮಾನಿ.

ಅದೇ ವಾರ ಹುಣಸೂರಿನಿಂದ ತಮ್ಮೇಗೌಡರು ಬರುವವರಿದ್ದರು. ಅವರು ಹುಣಸೂರಿನಲ್ಲಿ ಹೊಸ ಕಟ್ಟಡ ಕಟ್ಟಿಸಿ, ಅದರಲ್ಲಿ ಇಪ್ಪತ್ತು ಮಿಷನ್ನಿನ ಸೆಂಟರ್ ತೆರೆಯಬೇಕೆಂದಿದ್ದರು. ಅದನ್ನು ನೋಡಿಕೊಳ್ಳಲು ರತ್ನನನ್ನು ನೇಮಿಸುವ ಮಾತಾಗಿತ್ತು. ಅದಕ್ಕೆ ಮೊದಲು ಅವಳ ವ್ಯವಹಾರ ಕಣ್ಣಾರೆ ನೋಡಬೇಕು ಎಂದು, ಹುಣಸೂರಿನ ನಾಲ್ಕು ಹುಡುಗರಿಗೂ ನಮ್ಮೂರಿನ ನಾಲ್ವರಿಗೂ ಇಲ್ಲಿಯೇ ಒಂದು ಪಂದ್ಯ ಇಡಿಸಿದರು. ಗುಂಡು ಹಾರಿಸುವ ಆಟ. ರತ್ನ ವಾರವೆಲ್ಲ ಹೊಸ ಸೆಂಟರಿನದೇ ಮಾತಾಡುತ್ತಿದ್ದಳು.

ಪಂದ್ಯದ ದಿನ ಭಾನುವಾರ. ನಾನು ಬೆಳಗ್ಗೆ ಬೇಗ ಹಿಂಬಾಗಿಲಿಂದ ಬಂದು ಒಂದು ಮೋಟಾರಿಗೆ ವಾರ್ನಿಷ್ ಹಾಕಿ ಒಣಗಲು ಇಟ್ಟೆ. ಗೌಡರ ಎದುರಿಗೇ ಇನ್ನೊಂದು ಮಾನಿಟರು ಸುಟ್ಟರೆ ಮರ್ಯಾದೆಯೇನು ಉಳಿಯುತ್ತದೆ ಎನಿಸಿತು. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಚಿಲಕ ತೆಗೆದೆ. ಗೋಡೆಯ ಕಡೆಯ ನಾಲ್ಕೂ ಮಿಷನ್ನು ಹಾಕಿ, ಎಂಬತ್ತೈದನ್ನು ಅರವತ್ತಕ್ಕೆ ಇಳಿಸಿ, ಮತ್ತೆ ಆಫ್ ಮಾಡಿದೆ. ಕಿಟಕಿಯ ಕಡೆಗೆ ತಿರುಗುವಷ್ಟರಲ್ಲಿ ಹೊರಗೆ ಶಟರಿನ ಬೀಗದ ಸದ್ದಾಯಿತು. ರತ್ನ ಬಂದಿದ್ದಳು. ನಾನು ನನ್ನ ಕೋಣೆಗೆ ನುಸುಳಿಕೊಂಡೆ.

ಹುಣಸೂರಿನವರು ಬಂದಾಗ ಅವಳೇ ಹೇಳಿದಳು: "ದೂರದಿಂದ ಬಂದಿದೀರಿ, ಯಾವ್ ಕಡೆ ಬೇಕೋ ನೀವೇ ಆರಿಸ್ಕಳಿ. ಎಂಟೂ ಒಂದೇ." ಅವರು ಕಿಟಕಿಯ ಬಿಸಿಲು ಬೇಡವೆಂದು ಗೋಡೆಯ ಕಡೆ ಕೂತರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಅವರ ನಾಯಕ ಕಿರಣನೆಂಬ ಹುಡುಗ ಕೂತವನೇ ನಗಾಡಿದ. "ಏನ್ ಮೇಡಂ, ಮೌಸ್ ಅಂಟಂಟು! ಹಲಸಿನಹಣ್ಣು ತಿಂದ್ಕೊಂಡು ಆಡ್ತಾರಾ ನಿಮ್ಮೂರಲ್ಲಿ?"

ಎಲ್ಲರೂ ನಕ್ಕರು. ರತ್ನ ಬಂದು ಮೌಸು ಹಿಡಿದು ನೋಡಿ, ಅಂಗೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು.

ಮೊದಲ ಆಟ ಹುಣಸೂರಿನವರು ಸೋತರು. ಎರಡನೆಯದರ ನಡುವೆ ಕಿರಣ ಕಣ್ಣಲ್ಲಿ ನೀರು ಬರುತ್ತಿದೆ ಎಂದು ಎದ್ದ. ಪರದೆಯ ಮುಂದೆ ಬೆರಳು ಬೀಸಿದ; ಬೆರಳು ತುಂಡು ತುಂಡಾಗಿ ಕಂಡಿತು. ಕಿಟಕಿಯ ಕಡೆಯ ಮಿಷನ್ನಿನ ಮುಂದೆ ಬೀಸಿದ. ಅಲ್ಲಿ ಬೇರೆ ಥರ. ಎರಡರಲ್ಲೂ ಸೆಟ್ಟಿಂಗ್ ತೆಗೆದು ನೋಡಿ ಕೂಗಿದ: "ಗೌಡ್ರೇ, ಬನ್ನಿ ಇಲ್ಲಿ! ನಮ್ಗೆ ನಾಲ್ಕಕ್ಕೂ ಅರವತ್ತು, ಅವರಿಗೆ ನಾಲ್ಕಕ್ಕೂ ಎಂಬತ್ತೈದು. ಇದು ಮೋಸ ಅಲ್ದೆ ಇನ್ನೇನು?"

ಗದ್ದಲ ಎದ್ದಾಗ ನಾನು ಬಾಗಿಲು ತೆರೆದು ನಿಂತೆ.

"ಅದರಿಂದ ಏನಮ್ಮ ವ್ಯತ್ಯಾಸ?" ಎಂದು ತಮ್ಮೇಗೌಡರು ರತ್ನನನ್ನು ಕೇಳಿದರು.

ಅವಳ ಮುಖ ಬಿಳುಚಿಕೊಂಡಿತ್ತು. ಆದರೂ ಬಿಡಿಸಿ ಹೇಳಿದಳು. "ನಾಟಿ ಹಾಕೋದು ನೋಡಿದೀರಲ್ಲ ಸಾರ್. ಒಬ್ಬ ಪೈರಿನ ಕಟ್ಟು ಎಸೀತಾನೆ, ಒಬ್ಳು ನೆಡ್ತಾಳೆ. ಸೆಕೆಂಡಿಗೆ ಇಷ್ಟು ಚಿತ್ರ ಅಂತ ಎಸೆಯೋದು ಕಂಪ್ಯೂಟರ್ ಒಳಗಿರೋ ಕಾರ್ಡು. ಅದು ಫ್ರೇಮ್ ರೇಟು. ಸೆಕೆಂಡಿಗೆ ಇಷ್ಟು ಸಲ ಅಂತ ಪರದೆ ಮೇಲೆ ನೆಡೋದು ಮಾನಿಟರು. ಅದು ರಿಫ್ರೆಶ್ ರೇಟು. ಅವನು ಎಂಬತ್ತು ಎಸೆದು ಇವಳು ಅರವತ್ತೇ ನೆಟ್ರೆ, ಉಳಿದಿದ್ದು ಗದ್ದೆ ಬದಿನ ಮೇಲೇ ಬಾಡ್ತದೆ. ಅವನೇ ಮೂವತ್ತು ಎಸೆದ್ರೆ, ಇವಳ ಕೈ ಎಷ್ಟು ಚುರುಕಿದ್ರೂ ಪ್ರಯೋಜನ ಇಲ್ಲ. ಅರವತ್ತರಲ್ಲಿ ಟ್ಯೂಬು ಮಿಣುಕ್ತದೆ, ಕಣ್ಣು ಉರೀತದೆ. ಎಂಬತ್ತೈದರಲ್ಲಿ ತಣ್ಣಗಿರ್ತದೆ."

ಆಗ ನನ್ನ ಬಾಯಿ ತಡೆಯಲಿಲ್ಲ. "ಐವತ್ತರ ಲೈನ್‌ಗೆ ಎಂಬತ್ತೈದು ಕೊಟ್ರೆ ಕಾಯಿಲ್ ಸುಟ್ಟೋಗಲ್ವಾ?"

ಅವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಇಲ್ಲ ಅಣ್ಣ. ಲೈನಿನ ಐವತ್ತು ಒಳಗೆ ಬಂದ ತಕ್ಷಣ ಡಿಸಿ ಆಗೋಯ್ತದೆ. ಈ ಎಂಬತ್ತೈದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮಾನಿಟರ್ ಮೇಲೆ ಬರೆದಿರೋ ಮಿತಿ ಒಳಗೇ ಹಾಕಿರೋದು. ಆ ಎರಡು ಹೋಗಿದ್ದು, ಪಂಪ್‌ಸೆಟ್ಟೆಲ್ಲ ಒಟ್ಗೇ ನಿಂತಾಗ ವೋಲ್ಟೇಜ್ ಜಂಪಾಗಿ."

ಡಿಸಿ ಎಂದ ಕೂಡಲೇ ನನಗೆ ತಿಳಿಯಿತು: ಅದು ಹಿಂದೆ ಮುಂದೆ ಆಡದೆ ಒಂದೇ ಕಡೆ ಹರಿಯುವ ಕರೆಂಟು, ಅದಕ್ಕೆ ಐವತ್ತರ ಲೆಕ್ಕವೇ ಇಲ್ಲ. ಅಷ್ಟು ನನ್ನ ಕಸುಬಿನಲ್ಲೂ ಇದೆ. ಬೇಸಿಗೆಯುದ್ದಕ್ಕೂ ನಾನು ಅನುಮಾನಪಟ್ಟದ್ದು ಹುಡುಗರ ಕಣ್ಣು ಕಾಯುತ್ತಿದ್ದವಳನ್ನು.

ಕಿರಣ ಬಿಡಲಿಲ್ಲ. "ಇಷ್ಟೆಲ್ಲಾ ಗೊತ್ತಿದ್ದೇ ಮಾಡಿದೀರಲ್ಲ ಮೇಡಂ!"

"ನೆನ್ನೆ ಸಾಯಂಕಾಲ ಎಂಟೂ ನಾನೇ ನೋಡಿ ಹೋಗಿದೀನಿ."

"ಹಂಗಾದ್ರೆ ಬೆಳಗ್ಗೆ ಬೇರೆ ಯಾರಾದ್ರೂ ಬಂದಿದ್ರಾ?"

ರತ್ನ ಬಾಗಿಲ ಕಡೆ ನೋಡಿದಳು. ಎಲ್ಲರೂ ನೋಡಿದರು. ನಾನು ಹೇಳಬೇಕಾದದ್ದು ಒಂದೇ ವಾಕ್ಯ. ಏಳನೇ ತರಗತಿಯ ವೈಂಡಿಂಗಿನವನು ಕಂಪ್ಯೂಟರಿಗೆ ಕೈ ಹಾಕಿದ್ದನಂತೆ ಎಂದು ಊರು ನಗುವುದು ಕಣ್ಣ ಮುಂದೆ ಬಂತು. ಒಲೆಯ ಮೇಲೆ ಏನೋ ಇಟ್ಟು ಮರೆತವನಂತೆ ನಾನು ತಿರುಗಿ ನನ್ನ ಕೋಣೆಗೆ ಹೋದೆ.

"ಯಾರೂ ಬಂದಿರ್ಲಿಲ್ಲ" ಎಂದು ಅವಳು ಹೇಳಿದ್ದು ಬೆನ್ನ ಹಿಂದೆ ಕೇಳಿಸಿತು.

ತಮ್ಮೇಗೌಡರು ಜೋರು ಮಾಡಲಿಲ್ಲ. "ಕೆಲಸ ಗೊತ್ತಿದೆ ಕಣಮ್ಮ ನಿಂಗೆ. ಆದ್ರೆ ನಂಬಿಕೆ ಇಲ್ದೋರ ಕೈಗೆ ಅಂಗಡಿ ಹೆಂಗ್ ಕೊಡನ?" ಎಂದು ಹುಡುಗರನ್ನು ಕರೆದುಕೊಂಡು ಹೊರಟರು. ಹುಣಸೂರಿನ ಸೆಂಟರ್ ಬೇರೆಯವರ ಪಾಲಾಯಿತು. ನಮ್ಮ ಸೆಂಟರಿಗೂ ಹುಡುಗರು ಕಡಿಮೆಯಾದರು. ಮರುವರ್ಷ ರತ್ನ ಪಿರಿಯಾಪಟ್ಟಣಕ್ಕೆ ಮದುವೆಯಾಗಿ ಹೋದಳು. ಅಲ್ಲಿ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ.

ಇತ್ತೀಚೆಗೆ ನನ್ನ ಮಗ ಆಟಕ್ಕೆಂದು ಒಂದು ತೆಳ್ಳನೆಯ ಮಾನಿಟರು ತಂದ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ನೂರಾ ನಲವತ್ನಾಲ್ಕು, ಪಕ್ಕದಲ್ಲಿ ನನಗೆ ಗೊತ್ತಿದ್ದ ಹರ್ಟ್ಸಿನ ಅದೇ ಎರಡು ಇಂಗ್ಲಿಷ್ ಅಕ್ಷರ. ಅದೇ ಐವತ್ತರ ಲೈನಿಗೆ ಸಿಕ್ಕಿಸಿದ. ಏನೂ ಸುಡಲಿಲ್ಲ. ಅಂದು ಮಧ್ಯಾಹ್ನ ನಾನು ಪಿರಿಯಾಪಟ್ಟಣದ ಬಸ್ಸು ಹತ್ತಿದೆ.

ರತ್ನ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಣ್ಣ. ಹಲಸಿನಹಣ್ಣು ಅಂದನಲ್ಲ ಆ ಹುಡ್ಗ, ಮೌಸು ಮುಟ್ಟುದ್ ತಕ್ಷಣ ವಾರ್ನಿಷ್ ವಾಸ್ನೆ ಬಂತು. ಅಷ್ಟೂ ಸಾಲ್ದು ಅಂತ ನೀನು ಐವತ್ತರ ಲೈನು ಅಂತ ಬೇರೆ ಕೇಳ್ದೆ."

"ಅಂಗಾದ್ರೆ ಯಾಕವ್ವ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಬಾಗಿಲ ಕಡೆ ನೋಡ್ದೆ. ನೀನು ಒಳಿಕ್ ಹೋದೆ." ಒಂದು ಹುಳುಕು ಕಾಯಿ ಆರಿಸಿ ಪಕ್ಕಕ್ಕೆ ಹಾಕಿದಳು. "ಅವ್ರೆಲ್ಲ ಹೋದ್ಮೇಲೆ ತಿನ್ನರ್ ಹಾಕಿ ನಾಕೂ ಮೌಸ್ ಒರೆಸಿಟ್ಟೆ. ಯಾರಾದ್ರೂ ಮೂಸಿ ನೋಡಿದ್ರೆ ನಿನ್ ಮರ್ಯಾದೆ ಹೋಯ್ತಿತ್ತು."

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಇಬ್ಬರೂ ಸುಲಿದೆವು.

ವೈಂಡಿಂಗ್ ಕೆಲಸ ಬಿಟ್ಟು ಈಗ ಕೆಲವು ವರ್ಷಗಳಾದವು. ಗೊತ್ತಿಲ್ಲದ ರೈತರ ಮೋಟಾರುಗಳ ಹತ್ತಿರವೆಲ್ಲ ಗುರುಗಳ ಮಾತನ್ನು ಪಾಲಿಸಿದೆ: ಬಿಚ್ಚುವ ಮೊದಲು ಓಡಿಸಿದವನನ್ನು ಕೇಳಬೇಕು. ಕೇಳದೆ ಬಿಚ್ಚಿದ್ದು ಒಂದೇ ಒಂದು ಸಲ, ಅದೂ ಪಕ್ಕದ ಕೋಣೆಯಲ್ಲಿ, ನನ್ನ ಕಡೆಗೇ ಚಿಲಕವಿದ್ದ ಬಾಗಿಲಿನಾಚೆ.