ಪಂಕ್ಚರ್ ಆಗಿದೆ ಎಂದಿದ್ದೆ

ನಲವತ್ತೊಂದನೆಯ ವಯಸ್ಸಿನಲ್ಲಿ ನನಗೊಂದು ಹೊಸ ಸೈಕಲ್ ಬಂತು. ಮುಳಬಾಗಿಲಿನ ಅಂಗಡಿಯಲ್ಲಿ ನಾನೇ ನಿಂತು ಆರಿಸಿದ್ದು. ಕಡುನೀಲಿ ಬಣ್ಣ, ಮುಂದೆ ತಂತಿಯ ಬುಟ್ಟಿ, ಹಿಂದೆ ಗಟ್ಟಿಯಾದ ಕ್ಯಾರಿಯರ್. ನಮ್ಮ ಮನೆ ಇರುವುದು ತಾಯಲೂರಿನ ಕಡೆಯ ಒಂದು ಹಳ್ಳಿಯ ಹೊರಗೆ, ತೋಟದಲ್ಲಿ. ಊರಿನ ಡೈರಿಯಲ್ಲಿ ಹಾಲು ಅಳೆದು ಬರೆದುಕೊಳ್ಳುವ ಕೆಲಸ ನನ್ನದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎರಡು ಕಿಲೋಮೀಟರ್ ನಡೆಯಬೇಕು. ಯಜಮಾನರು ಸ್ಕೂಟರ್ ತೆಗೆದುಕೊಳ್ಳೋಣ ಎಂದರು. ನಾನು ಸೈಕಲ್ಲೇ ಬೇಕು ಎಂದು ಹಟ ಹಿಡಿದೆ.

ಟೇಕಲ್ ಹತ್ತಿರದ ನನ್ನ ತವರಿನಲ್ಲಿ ನಾವು ನಾಲ್ಕು ಜನ ಹೆಣ್ಣುಮಕ್ಕಳು. ನಾನು ಕೊನೆಯವಳು. ಲಂಗ, ಶಾಲೆಯ ಚೀಲ, ಪುಸ್ತಕ, ಚಪ್ಪಲಿ, ಎಲ್ಲವೂ ಮೂವರು ಅಕ್ಕಂದಿರನ್ನು ದಾಟಿ ನನ್ನ ಬಳಿಗೆ ಬರುತ್ತಿದ್ದವು. ಸೈಕಲ್ ಕಲಿತದ್ದೂ ಸೋದರಮಾವನ ಸೈಕಲ್ಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿಕೊಂಡು, ಅವರು ಊಟ ಮಾಡಿ ಮಲಗಿದ ಹೊತ್ತಿನಲ್ಲಿ. ಹಾಗಾಗಿ ಬೇರೆ ಯಾರೂ ಮುಟ್ಟದ ಒಂದು ದೊಡ್ಡ ವಸ್ತು ನನಗೆಂದೇ ಅಂಗಡಿಯಿಂದ ಬಂದಾಗ, ಅದನ್ನು ಏನು ಮಾಡಬೇಕೆಂದೇ ನನಗೆ ತಿಳಿಯಲಿಲ್ಲ.

ಸೀಟಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ತೆಗೆಯಲಿಲ್ಲ. ದಿನವೂ ಹಳೆಯ ಪಂಚೆಯ ತುಂಡಿನಿಂದ ಕಡ್ಡಿ ಕಡ್ಡಿಯನ್ನೂ ಒರೆಸುತ್ತಿದ್ದೆ. ಮನೆಯೊಳಗೆ, ರಾಗಿ ಮೂಟೆಗಳ ಪಕ್ಕದಲ್ಲಿ ನಿಲ್ಲಿಸಿ ಮೇಲೆ ಹೊದಿಕೆ ಹೊದಿಸುತ್ತಿದ್ದೆ. ಮಳೆ ಬಂದ ದಿನ ಕೆಸರಾಗುತ್ತದೆಂದು ಅದನ್ನು ಮನೆಯಲ್ಲೇ ಬಿಟ್ಟು ನಡೆದು ಹೋಗುತ್ತಿದ್ದೆ. ಕಾಲುವೆಯ ಹತ್ತಿರ ಕಲ್ಲು ದಾರಿ ಬಂದರೆ ಇಳಿದು ಎರಡೂ ಕೈಯಲ್ಲಿ ಎತ್ತಿಕೊಂಡು ದಾಟುತ್ತಿದ್ದೆ. ಒಂದು ದಿನ ಅದನ್ನು ನಮ್ಮ ಅತ್ತೆ ನೋಡಿಬಿಟ್ಟರು.

“ಅಲ್ಲಮ್ಮಾ, ಅದು ನಿನ್ನ ಹೊರೋಕೆ ತಂದಿದ್ದೋ, ನೀನು ಅದನ್ನ ಹೊರೋಕೆ ತಂದಿದ್ದೋ?” ಎಂದು ಕೇಳಿ, ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನನಗೂ ನಗು ಬಂತು. ಆದರೆ ಮರುದಿನವೂ ಎತ್ತಿಕೊಂಡೇ ದಾಟಿದೆ.

ಪಕ್ಕದ ತೋಟದ ಮನೆಯಾಕೆ ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು. ಅವರದು ರೇಷ್ಮೆ ಬೆಳೆ. ಸೈಕಲ್ ಬಂದು ತಿಂಗಳಾಗಿರಬಹುದು, ಒಂದು ಮಧ್ಯಾಹ್ನ ಅವಳು ಬೇಲಿ ದಾಟಿ ಓಡೋಡಿ ಬಂದಳು. ಹುಳುಗಳು ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದಿದ್ದವು. ಆಮೇಲಿನ ಒಂದು ವಾರ ಅವು ತಿನ್ನುವುದು ಅಷ್ಟಿಷ್ಟಲ್ಲ. ಹಾಕಿದ ಹಿಪ್ಪುನೇರಳೆ ಸೊಪ್ಪು ನೋಡುನೋಡುತ್ತಲೇ ಖಾಲಿಯಾಗುತ್ತದೆ. ಅವರ ತೋಟದ ಸೊಪ್ಪು ಮುಗಿದಿತ್ತು. ಗಂಡ ನೆಂಟರ ಮನೆಯ ಸಾವಿಗೆಂದು ಬೈಕಿನಲ್ಲಿ ಆಂಧ್ರದ ಕಡೆ ಹೋಗಿದ್ದ.

“ಅಕ್ಕಾ, ಕೆರೆಯಾಚೆ ತೋಟದಾಗೆ ಸೊಪ್ಪು ಮಾತಾಡಿದೀನಿ. ನಿನ್ನ ಸೈಕಲ್ ಎರಡು ದಿನ ಕೊಡಕ್ಕಾ. ನಂಗೆ ಓಡಿಸೋಕೆ ಬರಲ್ಲ, ಹೊರೆ ಇಟ್ಕೊಂಡು ತಳ್ಕೊಂಡು ಬರ್ತೀನಿ.”

ಸೊಪ್ಪಿನ ಹೊರೆ ಎಂದರೆ ಕಡ್ಡಿ ಸಮೇತ ಕಟ್ಟಿದ ದೊಡ್ಡ ಕಟ್ಟು. ಆ ಕಡ್ಡಿಗಳು ಮಡ್‌ಗಾರ್ಡಿನ ಮೇಲೆ ಗೀಚುವುದು ನನ್ನ ಕಣ್ಣ ಮುಂದೆ ಬಂತು.

“ಅಯ್ಯೋ, ಹಿಂದಿನ ಚಕ್ರ ಪಂಕ್ಚರ್ ಆಗೈತೆ ಕಣೇ,” ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದುಬಿಟ್ಟಿತು.

“ಹೌದಾ? ಹೊಸಾದ್ಕೇ ಹಿಂಗಾಯ್ತಾ, ಪಾಪ,” ಎಂದು ನನಗೇ ಮರುಗಿ ಅವಳು ಹೊರಟುಹೋದಳು.

ಸಂಜೆ ಡೈರಿಗೆ ಹೊರಡುವಾಗ ನನಗೆ ಹೊಳೆಯಿತು: ಸೈಕಲ್ಲಿನಲ್ಲಿ ಹೋಗುವ ಹಾಗಿಲ್ಲ. ನಡೆದೇ ಹೊರಟೆ. ಕೆರೆ ಏರಿಯ ಮೇಲೆ ಅವಳು ಎದುರಾದಳು. ತಲೆಯ ಮೇಲಿನ ಹೊರೆ ಮುಖವನ್ನೇ ಮುಚ್ಚಿತ್ತು. ಎಲೆಗಳ ಸಂದಿನಿಂದ ನನ್ನನ್ನು ಗುರುತು ಹಿಡಿದು, “ನಡ್ಕೊಂಡು ಹೋಗ್ತಿದೀಯಾಕ್ಕಾ? ಕಾಲು ನೋಯಲ್ವಾ?” ಎಂದಳು. ಅದು ಅವಳ ಮೂರನೆಯ ಹೊರೆ. ನಾನು ಏನೋ ಗೊಣಗಿ ಮುಂದೆ ಹೋದೆ. ಅವತ್ತು ಡೈರಿಯಲ್ಲಿ ಒಬ್ಬರ ಹಾಲನ್ನು ಇನ್ನೊಬ್ಬರ ಹೆಸರಿಗೆ ಬರೆದು ಬೈಸಿಕೊಂಡೆ.

ಮರುದಿನ ಮಧ್ಯಾಹ್ನ ಅವಳು ಮತ್ತೆ ಬಂದಳು. ಕೈಯಲ್ಲೊಂದು ಬಟ್ಟೆಯ ಚೀಲ. ಜಗಲಿಯ ಮೇಲೆ ಕೂತು ಅದನ್ನು ಬಿಚ್ಚಿದಳು. ಹಳೆಯ ಟ್ಯೂಬಿನ ತುಂಡು, ಕತ್ತರಿ, ಉಜ್ಜುವ ಕಾಗದ, ಅಂಟಿನ ಟ್ಯೂಬು, ಟೈರು ಎಬ್ಬಿಸಲು ಎರಡು ಕಬ್ಬಿಣದ ಪಟ್ಟಿ.

“ನಮ್ಮಪ್ಪಂದು ಸೈಕಲ್ ಶಾಪ್ ಇತ್ತಲ್ಲಕ್ಕಾ. ಎಂಟು ವರ್ಷದವಳಾಗಿದ್ದಾಗಿಂದ್ಲೂ ಪಂಕ್ಚರ್ ಹಾಕಿದೀನಿ. ಹುಳಕ್ಕೆ ಸೊಪ್ಪು ಹಾಕಿ ಬಂದೆ, ಇನ್ನು ಎರಡು ಗಂಟೆ ಅವು ನನ್ನ ಕೇಳಲ್ಲ. ತಾ, ಹಾಕ್ಕೊಡ್ತೀನಿ. ನೀನ್ಯಾಕೆ ನಡೀಬೇಕು?”

ಒಳಗೆ ಓಡಿ ಹೋಗಿ ಗಾಳಿ ಬಿಟ್ಟುಬಿಡಲೇ ಎಂದು ನಿಜವಾಗಿಯೂ ಯೋಚಿಸಿದೆ. ಅಷ್ಟರಲ್ಲಿ ಅತ್ತೆ, ಏನೂ ಅರಿಯದೆ, ಹೊದಿಕೆ ಎಳೆದು ಸೈಕಲ್ಲನ್ನು ಹೊರಗೆ ತಳ್ಳಿಕೊಂಡು ಬಂದರು.

ಅವಳು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹೆಬ್ಬೆರಳಿನಿಂದ ಟೈರು ಒತ್ತಿದಳು. ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಮುಂದಿನ ಚಕ್ರವನ್ನೂ ಒತ್ತಿ ನೋಡಿದಳು. ನಾನು ಕಂಬ ಹಿಡಿದು ನಿಂತಿದ್ದೆ. ಬೈದುಬಿಟ್ಟರೆ ಸಾಕು ಅನ್ನಿಸುತ್ತಿತ್ತು.

“ಗಾಳಿ ಚೆನ್ನಾಗೈತೆ,” ಎಂದಳು ಮೆಲ್ಲಗೆ. “ಚೈನು ಒಂದಿಷ್ಟು ಸಡಿಲ ಅದೆ.” ಅತ್ತೆಯಿಂದ ಎಣ್ಣೆ ಕೇಳಿ ಚೈನಿಗೆ ಹನಿಹನಿಯಾಗಿ ಬಿಟ್ಟಳು. ಬ್ರೇಕಿನ ತಂತಿ ಬಿಗಿ ಮಾಡಿದಳು. ಚೀಲ ಕಟ್ಟಿಕೊಂಡು, “ಬರ್ತೀನಕ್ಕಾ,” ಎಂದು ಎದ್ದಳು. ಅವಳ ಬಲಗಾಲಿನ ಹಿಮ್ಮಡಿ ಒಡೆದು ಅದಕ್ಕೆ ಬಟ್ಟೆ ಸುತ್ತಿದ್ದುದನ್ನು ನಾನು ಆಗಲೇ ನೋಡಿದ್ದು.

ಬೇಲಿಯವರೆಗೂ ಹೋಗಿದ್ದಳು. ನಾನು ಹಿಂದೆ ಓಡಿದೆ.

“ನಿಲ್ಲೇ. ನಾನು ಸುಳ್ಳು ಹೇಳಿದೆ.”

“ಗೊತ್ತಾಯ್ತಲ್ಲಕ್ಕಾ.”

“ಗೀರು ಬೀಳ್ತದೆ ಅಂತ ಹೆದರಿ ಹಂಗಂದೆ. ಅಷ್ಟೇ ಕಣೇ. ನಿನ್ನ ಮೇಲೆ ಏನೂ ಇಲ್ಲ.”

“ಕೊಡಲ್ಲ ಅಂತ ಅಂದಿದ್ರೆ ನಾನೇನು ಜಗಳ ಆಡ್ತಿದ್ನಾ? ಹೊಸಾದು ಅಂತ ನಂಗೂ ತಿಳೀತದೆ,” ಎಂದಳು. ಧ್ವನಿ ಗಡುಸಾಗಿರಲಿಲ್ಲ. ಅದರಿಂದಲೇ ನನಗೆ ಅಳು ಬಂತು.

ಆವತ್ತು ಸೈಕಲ್ಲನ್ನು ಅವಳ ಕೈಗೆ ಕೊಡಲಿಲ್ಲ, ನಾನೇ ಅವಳ ಜೊತೆ ಕೆರೆಯಾಚೆ ತೆಗೆದುಕೊಂಡು ಹೋದೆ. ಅವಳು ಸೊಪ್ಪು ಕುಯ್ದು ಕಟ್ಟುವುದು, ನಾನು ಕ್ಯಾರಿಯರಿಗೆ ಬಿಗಿದು ತರುವುದು. ಅವಳೇ ಮೊದಲು ಒಂದು ಗೋಣಿಯನ್ನು ಮಡಿಸಿ ಮಡ್‌ಗಾರ್ಡಿನ ಮೇಲೆ ಹಾಸಿದ್ದಳು. ಆದರೂ ಎರಡನೆಯ ಹೊರೆಯಲ್ಲಿ ಗೋಣಿ ಸರಿದು, ಬೆರಳುದ್ದದ ಒಂದು ಗೀರು ಬಿತ್ತು. ಸೆರಗಿನಿಂದ ಉಜ್ಜಿದೆ, ಹೋಗಲಿಲ್ಲ. ಅವಳಿಗೆ ಹೇಳಲಿಲ್ಲ. ಐದು ದಿನ ಹೀಗೆಯೇ ತಂದೆವು. ಅವಳ ಗಂಡ ಬಂದ ಮೇಲೂ ಒಂದು ದಿನ ಹೋದೆ. ಯಾಕೆ ಎಂದು ಅವಳೂ ಕೇಳಲಿಲ್ಲ. ಹುಳುಗಳು ಹಣ್ಣಾಗಿ ಗೂಡು ಕಟ್ಟಿದವು. ಬೆಳೆ ಚೆನ್ನಾಗಿಯೇ ಬಂತು.

ಅದಾದ ಮೇಲೆ ಒಂದು ದಿನ ಅವಳನ್ನು ಕೇಳಿದೆ: “ಅಷ್ಟೊಂದು ಪಂಕ್ಚರ್ ಹಾಕಿದವಳು ಓಡಿಸೋಕೆ ಯಾಕೆ ಕಲೀಲಿಲ್ಲ?”

“ಅಂಗಡೀಗೆ ಬರೋವು ಎಲ್ಲಾ ಇನ್ನೊಬ್ರವೇ ಅಲ್ವಾಕ್ಕಾ. ಹತ್ತಿದ್ರೆ ಅಪ್ಪ ಕಾಲು ಮುರೀತಿದ್ದ.”

“ಹಂಗಾದ್ರೆ ಭಾನುವಾರ ಬಾ,” ಎಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು.

ನೀರಿಲ್ಲದ ಕೆರೆಯಂಗಳದಲ್ಲಿ ಕಲಿಕೆ ಶುರುವಾಯಿತು. ಸೀಟಿನ ಹಿಂದೆ ಹಿಡಿದು ನಾನು ಓಡುವುದು, “ಮುಂದೆ ನೋಡೇ, ಚಕ್ರ ನೋಡಬೇಡ,” ಎಂದು ಕೂಗುವುದು. ಎರಡನೆಯ ಭಾನುವಾರ ಕೈ ಬಿಟ್ಟೆ. ಇಪ್ಪತ್ತು ಮಾರು ನೆಟ್ಟಗೆ ಹೋದಳು. ಹೋಗಿ, ಜಾಲಿಯ ಪೊದೆಯ ಪಕ್ಕ ಧಡಾರನೆ ಬಿದ್ದಳು.

ನಾನು ಓಡಿದೆ. ಓಡಿ ಹೋಗಿ ಮೊದಲು ಎತ್ತಿದ್ದು ಸೈಕಲ್ಲನ್ನು. ಹ್ಯಾಂಡಲ್ ಸೊಟ್ಟಗಾಗಿತ್ತು. ಬೆಲ್ ಒಡೆದಿಲ್ಲ ಎಂದು ನೋಡಿ ಸಮಾಧಾನಪಟ್ಟ ಮೇಲೆ ಅವಳ ನೆನಪಾಗಿ ತಿರುಗಿದೆ. ಮೊಣಕೈ ತರಚಿಕೊಂಡು, ಮಣ್ಣಿನಲ್ಲಿ ಕೂತೇ ಅವಳು ನನ್ನನ್ನು ನೋಡುತ್ತಿದ್ದಳು.

“ನಾನೂ ಬಿದ್ದಿದೀನಿ ಕಣಕ್ಕಾ,” ಎಂದಳು.

ನಾಚಿಕೆಯಿಂದ, ಸೈಕಲ್ ಬಿಡದೆಯೇ, ಅವಳಿಗೆ ಒಂದು ಕೈ ಚಾಚಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎದ್ದು, ಸೀರೆ ಕೊಡವಿಕೊಂಡು ಬಂದಳು. ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಅದುಮಿ ಹಿಡಿದು ಹ್ಯಾಂಡಲನ್ನು ಒಮ್ಮೆ ತಿರುಚಿದಳು. ಅದು ನೆಟ್ಟಗಾಯಿತು. ಒಂದು ಕಣ್ಣು ಮುಚ್ಚಿ ಅಳತೆ ನೋಡಿ ಮತ್ತೆ ಸೀಟು ಹತ್ತಿದಳು.

“ಈ ಸಲ ಬೇಗ ಬಿಡಬೇಡ,” ಎಂದಳು.