ಕೆಸುವಿನ ನೊಣಕ್ಕೆ ಯಾವ ಊರು?

"ಬೇಡ, ಕೀಳಬೇಡಿ." ಇಷ್ಟೇ ಹೇಳಬೇಕಿತ್ತು. ನಾನು ಹೇಳಲಿಲ್ಲ.

ನಮ್ಮದು ಕೆಂಗೇರಿ ಉಪನಗರ. ಪಕ್ಕದ ಖಾಲಿ ಸೈಟಿನ ಮೋರಿ ಬದಿಯಲ್ಲಿ ಕೆಸು ಬೆಳೆದು ಹಳದಿ ಹೂ ಬಿಟ್ಟಿತ್ತು. ಹೂವಿನೊಳಗೆ ಎಳ್ಳು ಕಾಳಿನಷ್ಟು ಪುಟ್ಟ ನೊಣ. ಜ್ಞಾನಭಾರತಿ ಯೂನಿವರ್ಸಿಟಿಯಲ್ಲಿ ಕೀಟಗಳ ಬಗ್ಗೆ ಓದುವ ನನ್ನ ತಂಗಿ ಗಿರಿಜಾ ಅದರ ಹಿಂದೆಯೇ ಬಿದ್ದಿದ್ದಾಳೆ. (ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಅವಳು ತಿದ್ದುತ್ತಾಳೆ.) ಹೂವಲ್ಲೇ ಮೊಟ್ಟೆ, ಹೂವಲ್ಲೇ ಮರಿ, ಅಲ್ಲೇ ಸಂಸಾರ. ಬಾಡಿಗೆಗೆ ಬದಲು ಪರಾಗ ಹೊರುತ್ತದೆ, ಅಷ್ಟೆ.

ಈ ನೊಣ ಎಲ್ಲೆಲ್ಲಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ದಾಖಲಾಗಿರುವುದು ದೂರದ ಕಾಡುಗಳ ಹೆಸರು ಮಾತ್ರ. ಬೆಂಗಳೂರಲ್ಲಿ ಕಂಡರೆ? ಎಲ್ಲಿಂದಲೋ ಬಂದಿರಬಹುದು ಅಂತಾರೆ ವಿಜ್ಞಾನಿಗಳು. ಮರಿ ಇಲ್ಲಿನ ಹೂವಲ್ಲೇ ಬೆಳೆದು ನೊಣವಾಗಿ ಹೊರಬಂದರೆ ಮಾತ್ರ ಇಲ್ಲಿಯದು ಅಂತ ಒಪ್ಪುತ್ತಾರೆ.

"ಅಕ್ಕ, ಮರಿ ಇವೆ ಕಣೇ! ಈ ವಾರ ಯಾರೂ ಮುಟ್ಟದ ಹಾಗೆ ನೋಡ್ಕೋ" ಅಂದು ಹೋದಳು.

ಮಧ್ಯಾಹ್ನ ಬಡಾವಣೆ ಸಂಘದ ರುದ್ರಪ್ಪನವರು ಆಳುಗಳನ್ನು ಕರೆದುಕೊಂಡು ಬಂದರು. "ಸೊಳ್ಳೆ ಕಾಟ ಜಾಸ್ತಿ ಆಗಿದೆಯಮ್ಮ, ಕ್ಲೀನ್ ಮಾಡಿಸ್ತೀನಿ. ನಿಮ್ದೇನೂ ಅಭ್ಯಂತರ ಇಲ್ಲ ತಾನೆ?"

ಅಕ್ಕಪಕ್ಕದವರೆಲ್ಲ ನಿಂತಿದ್ದರು. ನನ್ನ ತಂಗಿ ನೊಣ ಕಾಯ್ತಿದಾಳೆ ಅಂತ ಹೇಗೆ ಹೇಳೋದು?

"ಇಲ್ಲ ಸಾರ್, ಮಾಡ್ಸಿ" ಅಂದೆ. ನಕ್ಕೆ ಕೂಡ.

ಗಿರಿಜಾ ಬರುವಷ್ಟರಲ್ಲಿ ಕಸದ ಆಟೋ ಎಲ್ಲ ಒಯ್ದಿತ್ತು. "ಬಿಡಕ್ಕ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಹೇಳ್ತೀನಿ, ಕೇಳಿ. ಯಾರೂ ಹುಡುಕಿಲ್ಲ ಅಂದರೆ ಇಲ್ಲ ಅಂತಲ್ಲ, ಸ್ವಾಮಿ! ಹುಲಿ ಎಲ್ಲೆಲ್ಲಿದೆ ಅಂತ ಲೆಕ್ಕ ಇಡ್ತೀರಿ. ಮೋರಿ ಬದಿಯ ಜೀವಕ್ಕೆ ವಿಳಾಸ ಬೇಡವಾ? ಗದಗದಿಂದ ಬಂದ ನಮ್ಮಪ್ಪನಿಗೆ ಇಲ್ಲಿ ರೇಷನ್ ಕಾರ್ಡ್ ಸಿಕ್ಕಿತು. ಈ ನೊಣ ಪಾಪ, ಮಕ್ಕಳನ್ನು ಹೆತ್ತು ತೋರಿಸಬೇಕು. ಹೆತ್ತಿತ್ತು ಕೂಡ. ಅದನ್ನೂ ನಾವು ಕಿತ್ತು ಕಸಕ್ಕೆ ಹಾಕಿದೆವು.

ಮಣ್ಣಲ್ಲಿ ಉಳಿದಿದ್ದ ಗಡ್ಡೆ ಮತ್ತೆ ಚಿಗುರಿ ಹೂ ಬಿಟ್ಟಿದೆ, ನೊಣವೂ ಬಂದಿದೆ. ಮೊನ್ನೆ ಭಾನುವಾರ ರುದ್ರಪ್ಪನವರೂ ಮತ್ತೆ ಬಂದರು. ಈ ಸಲ ನಾನು ಅಡ್ಡ ನಿಂತೆ. ಅಲ್ಲಿ ತಂಗಿಯ ನೊಣ ಇದೆ ಅಂದೆ.

"ಏನಮ್ಮ, ಒಂದು ನೊಣಕ್ಕೋಸ್ಕರಾನಾ?"

"ಹೌದು ಸಾರ್, ನೊಣಕ್ಕೋಸ್ಕರಾನೇ. ಯಾರು ಮುಟ್ತಾರೋ ನೋಡ್ತೀನಿ."

ಗೇಟಿನ ಹತ್ತಿರ ಗಿರಿಜಾ ನಿಂತಿದ್ದಳು. ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ: "ಅವತ್ತು ನಿನ್ನ ಕೆಲಸ ಏನೂಂತ ಹೇಳೋಕೆ ನಂಗೆ ನಾಚಿಕೆ ಆಯ್ತು ಕಣೇ. ತಪ್ಪಾಯ್ತು, ಕ್ಷಮಿಸು."